ಲಾಂಚ್ ಜೋರಿದ್ದರೆ ರೈಡ್ ಚೆನ್ನಾಗಿರಬೇಕು ಅಂತೇನಿಲ್ಲ

ರೋಲರ್ ಕೋಸ್ಟರ್ ಹುಚ್ಚಿನವರು ಇಬ್ಬರು ಸೇರಿದರೆ ಮಾತು ಬೇಗನೆ ಲಾಂಚ್ ಕಡೆ, ಅಂದರೆ ರೈಲನ್ನು ಒಮ್ಮೆಗೇ ತಳ್ಳಿ ಓಡಿಸುವ ವಿಧಾನದ ಕಡೆ, ತಿರುಗುತ್ತದೆ. ಎಣ್ಣೆಯ ಒತ್ತಡದಿಂದ ತಳ್ಳುವ ಹೈಡ್ರಾಲಿಕ್ ವಾಸಿನಾ, ಅಯಸ್ಕಾಂತದಿಂದ ತಳ್ಳುವ ಮ್ಯಾಗ್ನೆಟಿಕ್ ವಾಸಿನಾ? ಒಬ್ಬರಿಗೆ ನ್ಯೂಜೆರ್ಸಿಯ ಹೈಡ್ರಾಲಿಕ್ ಕೋಸ್ಟರ್ ಕಿಂಗ್ಡಾ ಕಾ ಹೋಯಿತಲ್ಲ ಅನ್ನುವ ಸಂಕಟ. ಇನ್ನೊಬ್ಬರು "ಅದೇನ್ರೀ, ಒಂದು ಏರು ಒಂದು ಇಳಿ, ಒಂದು ನಿಮಿಷವೂ ಇಲ್ಲ, ಒರ್ಲ್ಯಾಂಡೋದ ಮ್ಯಾಗ್ನೆಟಿಕ್ ಕೋಸ್ಟರ್ ವೆಲೋಸಿಕೋಸ್ಟರ್ ಹತ್ತಿ ನೋಡಿ" ಅನ್ನುತ್ತಾರೆ. ಇಬ್ಬರೂ ಸೋಲುವುದಿಲ್ಲ.

ನಾನು ರೈಡ್‌ಗಳ ಡ್ರೈವ್, ಬ್ರೇಕ್, ಕಂಟ್ರೋಲ್ ಕೆಲಸದಲ್ಲಿರುವವನು. ಈ ಜಗಳ ಕೇಳುವುದು ನನಗೆ ಖುಷಿಯೇ. ಆದರೆ ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಕಲಸಿಹೋಗಿವೆ. ರೈಲನ್ನು ಹೇಗೆ ತಳ್ಳಿದರು ಅನ್ನುವುದು ಒಂದು. ಒಳಗೆ ಕೂತವರಿಗೆ ಹಿತವಾಗಿತ್ತಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಾಮಾನ್ಯವಾಗಿ ಮೋಟಾರಿನ ಹತ್ತಿರ ಸಿಗುವುದಿಲ್ಲ. ಚಕ್ರ, ಹಳಿಯ ತಿರುವು, ಮೈಯನ್ನು ಹಿಡಿದಿಡುವ ಬಾರ್, ಇವುಗಳ ಹತ್ತಿರ ಸಿಗುತ್ತದೆ.

ನಮ್ಮ ಕಡೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಿಡದಿಯ ವಂಡರ್‌ಲಾದಲ್ಲಿರುವ ರಿಕಾಯಿಲ್ ಲಾಂಚ್ ಕೋಸ್ಟರ್ ಅಲ್ಲ. ಅದು ರೈಲನ್ನು ಹಿಮ್ಮುಖವಾಗಿ ಮೇಲಕ್ಕೆ ಎಳೆದು, ಅಲ್ಲಿಂದ ಬಿಟ್ಟುಬಿಡುತ್ತದೆ. ಅಲ್ಲಿಂದ ಓಡಿಸುವುದು ಗುರುತ್ವ. ಲಾಂಚ್ ಅಂದರೆ ಹೆಚ್ಚಾಗಿ ಸಮತಟ್ಟಾದ ಹಳಿಯ ಮೇಲೆ, ಯಾವ ಗುಡ್ಡದ ಸಹಾಯವೂ ಇಲ್ಲದೆ, ಕೆಲವೇ ಸೆಕೆಂಡಿನಲ್ಲಿ ಪೂರ್ತಿ ವೇಗ ಕೊಡುವುದು. ಅದು ಬೇಕಿದ್ದರೆ ಹತ್ತಿರದಲ್ಲಿ ಸಿಗುವುದು ಖೋಪೋಲಿ ಬಳಿಯ ಇಮ್ಯಾಜಿಕಾದ ಡೀಪ್ ಸ್ಪೇಸ್. ಅದೂ ಕತ್ತಲಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಜನ ಯಾವಾಗಲೂ ಕೊನೆಯ ವೇಗ ಹೇಳುತ್ತಾರೆ. ಮೈಗೆ ಗೊತ್ತಾಗುವುದು ಅದಲ್ಲ. ಆ ವೇಗ ಎಷ್ಟು ಹೊತ್ತಿನಲ್ಲಿ ಬಂತು ಅನ್ನುವುದು. ಅಬುಧಾಬಿಯ ಫಾರ್ಮುಲಾ ರೋಸಾ ಗಂಟೆಗೆ 240 ಕಿ.ಮೀ. ಮುಟ್ಟುತ್ತದೆ, ಆದರೆ ಅದಕ್ಕೆ ಸುಮಾರು 5 ಸೆಕೆಂಡ್ ತೆಗೆದುಕೊಳ್ಳುತ್ತದೆ. ಭಾಗಿಸಿ ನೋಡಿದರೆ ಸರಾಸರಿ 1.4 ಜಿ ಆಗುತ್ತದೆ (1 ಜಿ ಅಂದರೆ ನಮ್ಮ ಮೈತೂಕದಷ್ಟೇ ತಳ್ಳು). ಕಿಂಗ್ಡಾ ಕಾ 206 ಕಿ.ಮೀ. ವೇಗವನ್ನು 3.5 ಸೆಕೆಂಡಿನಲ್ಲಿ ಕೊಡುತ್ತಿತ್ತು, ಅಂದರೆ 1.7 ಜಿ ಹತ್ತಿರ. ಸ್ಪೇನಿನ ಫೆರಾರಿ ಲ್ಯಾಂಡಿನ ರೆಡ್ ಫೋರ್ಸ್, 2017ರದ್ದು, ಮ್ಯಾಗ್ನೆಟಿಕ್. 180 ಕಿ.ಮೀ.ಗೆ 5 ಸೆಕೆಂಡ್. ಬರೀ 1 ಜಿ. ಜಪಾನಿನ ಫುಜಿ-ಕ್ಯೂ ಪಾರ್ಕಿನ ದೋ-ದೋದೋಂಪಾ ಇದೇ 180 ಕಿ.ಮೀ.ಯನ್ನು 1.56 ಸೆಕೆಂಡಿನಲ್ಲಿ ಕೊಡುತ್ತಿತ್ತು! ಅದು 3.2 ಜಿ ದಾಟುತ್ತದೆ. ಅಲ್ಲಿ ಕೆಲಸ ಮಾಡುತ್ತಿದ್ದದ್ದು ಒತ್ತಿಟ್ಟ ಗಾಳಿ. 2021ರಲ್ಲಿ ಸವಾರರಿಗೆ ಕುತ್ತಿಗೆ, ಬೆನ್ನಿನ ಮೂಳೆ ಮುರಿದ ದೂರುಗಳು ಬಂದು ರೈಡ್ ನಿಂತಿತು. 2024ರಲ್ಲಿ ಕಾಯಂ ಆಗಿ ಮುಚ್ಚಿದ್ದೇವೆ ಅಂದರು. ಲಾಂಚ್‌ನಿಂದಲೇ ಹಾಗಾಯಿತು ಅಂತ ನಾನು ಹೇಳುವುದಿಲ್ಲ. ಆದರೂ ಆ ಮಟ್ಟದ ತಳ್ಳಿಗೆ ತಲೆ ಒಂದಿಷ್ಟು ಮುಂದೆ ಬಾಗಿ ಕೂತವರ ಕುತ್ತಿಗೆಯ ಬಗ್ಗೆ ಯೋಚಿಸದ ಎಂಜಿನಿಯರ್ ಇರಲಾರ.

ಇಷ್ಟಾದರೂ ಸರಾಸರಿ ಜಿ ಪೂರ್ತಿ ಕಥೆ ಹೇಳುವುದಿಲ್ಲ. ಸಿಟಿ ಬಸ್ಸಿನಲ್ಲಿ ನಿಂತು ಹೋಗುವಾಗ ಕೆಲವು ಡ್ರೈವರ್‌ಗಳು ಕ್ಲಚ್ ಹೇಗೆ ಬಿಡುತ್ತಾರೆ ಅಂದರೆ, ಬಸ್ಸಿನ ವೇಗ ಏನೂ ಇಲ್ಲ, ನೀವು ಮಾತ್ರ ಹಿಂದಿನವರ ಕಾಲು ತುಳಿದಿರುತ್ತೀರಿ. ತಳ್ಳು ಎಷ್ಟಿದೆ ಅನ್ನುವುದರ ಜೊತೆಗೆ ಅದು ಸೊನ್ನೆಯಿಂದ ಪೂರ್ತಿಗೆ ಎಷ್ಟು ಬೇಗ ಏರಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಾವು ಅದನ್ನು ಜರ್ಕ್ ಅನ್ನುತ್ತೇವೆ. ಲಾಂಚ್ ಶುರುವಾಗುವ ಆ ಮೊದಲ ಕ್ಷಣದ ಜರ್ಕ್ ಹೆಚ್ಚಿಗೆ ಇದ್ದರೆ ಜನ ಕಿರುಚುತ್ತಾರೆ, ಕಡಿಮೆ ಇದ್ದರೆ "ಸ್ಮೂತ್" ಅನ್ನುತ್ತಾರೆ. ಹೈಡ್ರಾಲಿಕ್ ಅಭಿಮಾನಿಗಳು ಕಳೆದುಕೊಂಡೆವು ಅಂತ ಕೊರಗುವುದು ಇದನ್ನೇ.

ಆ ಯಂತ್ರ ಹೀಗಿರುತ್ತದೆ. ಟ್ಯಾಂಕುಗಳಲ್ಲಿ ನೈಟ್ರೋಜನ್ ಇರುತ್ತದೆ. ಪಂಪುಗಳು ಎಣ್ಣೆ ನೂಕಿ ನೈಟ್ರೋಜನ್ನನ್ನು ಒತ್ತಿಡುತ್ತವೆ. ಲಾಂಚ್ ಹೊತ್ತಿಗೆ ಅನಿಲ ಹಿಗ್ಗಿ ಎಣ್ಣೆಯನ್ನು ವಾಪಸ್ ತಳ್ಳುತ್ತದೆ, ಎಣ್ಣೆ ಹಲವು ಮೋಟಾರುಗಳನ್ನು ಒಟ್ಟಿಗೆ ತಿರುಗಿಸುತ್ತದೆ, ಅವೆಲ್ಲ ಸೇರಿ ಒಂದು ದೊಡ್ಡ ಡ್ರಮ್ ತಿರುಗಿಸುತ್ತವೆ, ಡ್ರಮ್ಮಿಗೆ ಸುತ್ತಿಕೊಳ್ಳುವ ಉಕ್ಕಿನ ಕೇಬಲ್ಲು ರೈಲಿನ ಅಡಿಗೆ ಸಿಕ್ಕಿಸಿದ ಕ್ಯಾಚ್ ಕಾರನ್ನು ಎಳೆದುಕೊಂಡು ಹೋಗುತ್ತದೆ. ಕೂಡಿಟ್ಟ ಶಕ್ತಿಯೆಲ್ಲ ಒಂದೇ ಸಲ ಹೊರಗೆ ಬರುವುದರಿಂದ ಮೊದಲ ಕ್ಷಣದಿಂದಲೇ ಗುದ್ದು ಇರುತ್ತದೆ. ಚೆಂದದ ಐಡಿಯಾ. ಮೇಂಟೆನೆನ್ಸ್ ಮಾಡುವವರ ಕಷ್ಟ ಮಾತ್ರ ಕೇಳಬೇಡಿ. ಕೇಬಲ್ ಸವೆಯುತ್ತದೆ, ಸೀಲ್ ಸೋರುತ್ತದೆ, ಎಣ್ಣೆ ಬಿಸಿಯಾಗುತ್ತದೆ, ಒಂದು ಸೆನ್ಸರ್ ಮುನಿಸಿಕೊಂಡರೆ ಸಾಲಿನಲ್ಲಿ ನಿಂತ ಅಷ್ಟೂ ಜನ ಬಿಸಿಲಲ್ಲಿ ಕಾಯಬೇಕು. 2009ರಲ್ಲಿ ಕ್ಯಾಲಿಫೋರ್ನಿಯಾದ ಎಕ್ಸೆಲರೇಟರ್ ಅನ್ನುವ ಹೈಡ್ರಾಲಿಕ್ ಕೋಸ್ಟರ್‌ನಲ್ಲಿ ಲಾಂಚ್ ಮಧ್ಯೆಯೇ ಕೇಬಲ್ ಹರಿದು ಸವಾರರಿಗೆ ಗಾಯವಾಗಿತ್ತು. ಕಿಂಗ್ಡಾ ಕಾ 2024ರ ಕೊನೆಯಲ್ಲಿ ಮುಚ್ಚಿತು. 2025ರ ಫೆಬ್ರವರಿಯಲ್ಲಿ ಗೋಪುರವನ್ನೇ ಸ್ಫೋಟಿಸಿ ಕೆಡವಿದರು. ಹೈಡ್ರಾಲಿಕ್ ಹಿಂದೆ ಸರಿದದ್ದು ಅದರ ಅನುಭವ ಕೆಟ್ಟದ್ದಾಗಿತ್ತು ಅಂತಲ್ಲ. ದಿನಾ ನಡೆಸುವುದು ಕಷ್ಟವಾಯಿತು, ಅಷ್ಟೇ.

ಮ್ಯಾಗ್ನೆಟಿಕ್ ಅನ್ನುವುದರಲ್ಲೂ ಎರಡು ಬಗೆ. 1996ರಲ್ಲಿ ಅಮೆರಿಕದ ಕಿಂಗ್ಸ್ ಐಲ್ಯಾಂಡ್ ಮತ್ತು ಕಿಂಗ್ಸ್ ಡೊಮಿನಿಯನ್ ಪಾರ್ಕುಗಳಿಗೆ ಬಂದ ಫ್ಲೈಟ್ ಆಫ್ ಫಿಯರ್ ರೈಡುಗಳು ಎಲ್‌ಐಎಂ (ಲೀನಿಯರ್ ಇಂಡಕ್ಷನ್ ಮೋಟಾರ್) ಮೇಲೆ ನಡೆದವು. ಅದರಲ್ಲಿ ಹಳಿಯ ಮೇಲಿನ ತಂತಿ ಸುರುಳಿಗಳು ರೈಲಿನ ಲೋಹದ ಪಟ್ಟಿಯಲ್ಲಿ ಕರೆಂಟ್ ಹುಟ್ಟಿಸಿ ತಳ್ಳುತ್ತವೆ. ಸಾಕಷ್ಟು ಕರೆಂಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಈಗಿನ ಹೆಚ್ಚಿನವು ಎಲ್‌ಎಸ್‌ಎಂ (ಲೀನಿಯರ್ ಸಿಂಕ್ರೊನಸ್ ಮೋಟಾರ್). ರೈಲಿನ ಮೇಲೆ ಕಾಯಂ ಅಯಸ್ಕಾಂತ, ಹಳಿಯ ಮೇಲೆ ಸುರುಳಿ. ರೈಲು ಎಲ್ಲಿದೆ ಅಂತ ಕಂಟ್ರೋಲಿಗೆ ಪ್ರತಿ ಕ್ಷಣ ಗೊತ್ತಿರಬೇಕು, ಹಾಗಿದ್ದರೆ ಮಾತ್ರ ಸರಿಯಾದ ಹೊತ್ತಿಗೆ ಸರಿಯಾದ ಸುರುಳಿಗೆ ಕರೆಂಟ್ ಹೋಗುತ್ತದೆ. ಮಧ್ಯದ ಸಂದು ಕೆಲವೇ ಮಿಲಿಮೀಟರ್. ಚಕ್ರ ಸವೆದು ರೈಲು ಸ್ವಲ್ಪ ಕೂತರೂ ಅದನ್ನು ಗಮನಿಸಬೇಕಾಗುತ್ತದೆ.

ಹಾಗಾದರೆ ಎಲ್‌ಎಸ್‌ಎಂನಿಂದ ಹೈಡ್ರಾಲಿಕ್ ಥರದ ಗುದ್ದು ಕೊಡಲು ಆಗುವುದಿಲ್ವಾ? ಆಗುತ್ತದೆ. ದುಡ್ಡಿದ್ದರೆ. ಮೋಟಾರಿಗೆ ಬೇಕಾದ ಪವರ್ ಅಂದರೆ ಬಲವನ್ನು ವೇಗದಿಂದ ಗುಣಿಸಿದ್ದು. 10 ಟನ್ ರೈಲನ್ನು 1 ಜಿಯಲ್ಲಿ ತಳ್ಳುತ್ತಿದ್ದೀರಿ ಅಂದುಕೊಳ್ಳಿ. ಶುರುವಿನಲ್ಲಿ ವೇಗವೇ ಇಲ್ಲ, ಪವರ್ ಕಡಿಮೆ ಸಾಕು. 180 ಕಿ.ಮೀ. ಹತ್ತಿರ ಬರುವಾಗ ಅದೇ 1 ಜಿ ಉಳಿಸಿಕೊಳ್ಳಲು ಸುಮಾರು 5 ಮೆಗಾವಾಟ್ ಬೇಕು. ಇದು ಒಂದೆರಡು ಸೆಕೆಂಡಿಗೆ ಮಾತ್ರ, ಆಮೇಲೆ ಮುಂದಿನ ರೈಲಿನ ತನಕ ಹೆಚ್ಚೇನೂ ಇಲ್ಲ. ಯಾವ ವಿದ್ಯುತ್ ಕಂಪನಿ ಇಂಥ ಗಿರಾಕಿಯನ್ನು ಪ್ರೀತಿಸುತ್ತದೆ ಹೇಳಿ! 1999ರಲ್ಲಿ ಒರ್ಲ್ಯಾಂಡೋದಲ್ಲಿ ಹಲ್ಕ್ ಕೋಸ್ಟರ್ ಕಟ್ಟಿದಾಗ ಇದೇ ಸಮಸ್ಯೆ ಬಂದು ದೊಡ್ಡ ಫ್ಲೈವೀಲ್‌ಗಳಲ್ಲಿ, ಅಂದರೆ ತಿರುಗುತ್ತಲೇ ಇರುವ ಭಾರದ ಚಕ್ರಗಳಲ್ಲಿ, ಶಕ್ತಿ ಕೂಡಿಡುವ ವ್ಯವಸ್ಥೆ ಮಾಡಿದರು. ಹಲ್ಕ್ ಮ್ಯಾಗ್ನೆಟಿಕ್ ಅಲ್ಲ, ಟೈರುಗಳು ಎರಡು ಕಡೆಯಿಂದ ಹಿಡಿದು ತಳ್ಳುತ್ತವೆ, ಆದರೆ ಕರೆಂಟ್ ಬಿಲ್ಲಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅದಕ್ಕೇ ಈಗ ಸ್ವಿಂಗ್ ಲಾಂಚ್ ಜಾಸ್ತಿ ಆಗಿದೆ. ರೈಲನ್ನು ಮುಂದೆ ತಳ್ಳು, ಅದು ಅರ್ಧ ಹತ್ತಿ ವಾಪಸ್ ಬರಲಿ, ಹಿಂದಕ್ಕೆ ತಳ್ಳು, ಮತ್ತೆ ಮುಂದಕ್ಕೆ ತಳ್ಳು. ಒಂದೇ ಸಾಲಿನ ಮೋಟಾರು ಮೂರು ಸಲ ದುಡಿಯುತ್ತದೆ. ಜಾಗ ಉಳಿಯಿತು, ಮೋಟಾರು ಉಳಿಯಿತು. ಪಾರ್ಕಿನವರು ಇದನ್ನು ಹೊಸ ಥ್ರಿಲ್ ಅಂತ ಮಾರುತ್ತಾರೆ. ಥ್ರಿಲ್ ಇದೆ, ಸುಳ್ಳಲ್ಲ. ಆದರೆ ಆ ತೀರ್ಮಾನದಲ್ಲಿ ಡಿಸೈನರ್‌ನಷ್ಟೇ ಪಾಲು ಲೆಕ್ಕಪತ್ರ ನೋಡುವವರದ್ದೂ ಇರುತ್ತದೆ. ನನಗೆ ವೈಯಕ್ತಿಕವಾಗಿ ಇಷ್ಟವಾಗುವುದು ಇನ್ನೊಂದು ಬಗೆ: ರೈಡ್ ಅರ್ಧ ಮುಗಿದ ಮೇಲೆ, ಓಡುತ್ತಿರುವ ರೈಲನ್ನೇ ಮತ್ತೊಮ್ಮೆ ತಳ್ಳುವುದು. ಜರ್ಮನಿಯ ಫಾಂಟಾಸಿಯಾಲ್ಯಾಂಡಿನ ಟಾರೋನ್‌ನಲ್ಲಿ ಎರಡನೇ ಲಾಂಚ್ ಹೀಗೆ ಬರುತ್ತದೆ. ವೇಗ 117 ಕಿ.ಮೀ. ಮಾತ್ರ. ಕಾಗದದ ಮೇಲೆ ನೋಡಿದರೆ ಕಿಂಗ್ಡಾ ಕಾ ಮುಂದೆ ಏನೂ ಇಲ್ಲ. ಆದರೂ ಕೋಸ್ಟರ್ ಪ್ರಿಯರು ಟಾರೋನ್ ಹೆಸರು ಎತ್ತಿದರೆ ಮೊದಲು ಹೇಳುವುದು ಆ ಎರಡನೇ ಲಾಂಚನ್ನೇ.

ರೋಲ್‌ಬ್ಯಾಕ್ ಬಗ್ಗೆಯೂ ಕೇಳುತ್ತಾರೆ, ಅಂದರೆ ರೈಲು ತುದಿ ದಾಟದೆ ವಾಪಸ್ ಜಾರುವುದು. ಅದು ಅಪಘಾತ ಅಲ್ಲ. 206 ಕಿ.ಮೀ. ವೇಗದಲ್ಲಿ ಹೊರಟ ರೈಲು, ಗಾಳಿ ಮತ್ತು ಉಜ್ಜಾಟ ಏನೂ ಇಲ್ಲದಿದ್ದರೆ, ಸುಮಾರು 167 ಮೀಟರ್ ಏರಬಹುದು. ಕಿಂಗ್ಡಾ ಕಾ ಗೋಪುರ 139 ಮೀಟರ್ ಇತ್ತು. ಉಳಿದದ್ದೆಲ್ಲ ಗಾಳಿಗೆ ಮತ್ತು ಚಕ್ರಕ್ಕೆ ಕೊಡುವ ಪಾಲು. ಎದುರು ಗಾಳಿ ಜೋರಾಗಿದ್ದರೆ, ಚಳಿಗೆ ಚಕ್ರ ಸಲೀಸಾಗಿ ಉರುಳದಿದ್ದರೆ ಆ ಪಾಲು ಬೆಳೆಯುತ್ತದೆ. ಹಾಗಂತ ಜಾಸ್ತಿ ವೇಗ ಕೊಟ್ಟುಬಿಟ್ಟರೆ ತುದಿಯಲ್ಲಿ ಜನ ಸೀಟಿನಿಂದ ಬಲವಾಗಿ ಮೇಲಕ್ಕೆ ಎಳೆಸಿಕೊಳ್ಳುತ್ತಾರೆ, ಬಾರಿನ ಮೇಲೂ ಹಳಿಯ ಮೇಲೂ ಭಾರ ಬೀಳುತ್ತದೆ. ಅದಕ್ಕೇ ಬಿಗಿಯಾದ ಲೆಕ್ಕ. ರೈಲು ವಾಪಸ್ ಬಂದರೆ ಲಾಂಚ್ ಹಳಿಯ ಉದ್ದಕ್ಕೂ ಎದ್ದು ನಿಂತಿರುವ ಮ್ಯಾಗ್ನೆಟಿಕ್ ಬ್ರೇಕ್ ಪಟ್ಟಿಗಳು ಹಿಡಿಯುತ್ತವೆ. ರೈಲು ನಿಧಾನವಾಗಲು ಕರೆಂಟೇ ಬೇಡ. ಊರೆಲ್ಲ ಕತ್ತಲಾದರೂ ಬ್ರೇಕ್ ಹಿಡಿಯುತ್ತದೆ.

ಇನ್ನು ರೈಡ್ ಹಿತವಾಗಿತ್ತಾ ಅನ್ನುವ ಪ್ರಶ್ನೆ. ಇದಕ್ಕೆ ಒಳ್ಳೆ ಉದಾಹರಣೆ ಮೇಲೆ ಹೇಳಿದ ಫ್ಲೈಟ್ ಆಫ್ ಫಿಯರ್. ಶುರುವಿನಲ್ಲಿ ಭುಜದ ಮೇಲಿಂದ ಬರುವ ಬಾರ್ ಇತ್ತು. ಸುರುಳಿ ಸುರುಳಿಯಾದ ಹಳಿ, ಪ್ರತಿ ತಿರುವಿಗೂ ಕಿವಿ ಬಾರಿಗೆ ಬಡಿಯುತ್ತಿತ್ತು. ಮುಂದೆ 2001ರಲ್ಲಿ ಅದನ್ನು ತೆಗೆದು ತೊಡೆಯ ಮೇಲೆ ಕೂರುವ ಬಾರ್ ಹಾಕಿದರು. ಲಾಂಚ್ ಅದೇ, ಹಳಿ ಅದೇ. ಜನ ಮಾತ್ರ ಬೇರೆ ರೈಡ್ ಹತ್ತಿ ಬಂದವರ ಹಾಗೆ ಹೊಗಳಿದರು. ಕಿಂಗ್ಡಾ ಕಾ ವಾಸಿನಾ, ಅಮೆರಿಕದ ಸೀಡರ್ ಪಾಯಿಂಟ್ ಪಾರ್ಕಿನ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ ವಾಸಿನಾ ಅನ್ನುವ ಜಗಳವೂ ಇಲ್ಲೇ ಬಗೆಹರಿಯುತ್ತದೆ. ಎರಡೂ ಒಂದೇ ಕಂಪನಿಯವು, ಒಂದೇ ಥರದ ಲಾಂಚ್. ಕಿಂಗ್ಡಾ ಕಾ ಎತ್ತರವೂ ಜಾಸ್ತಿ, ವೇಗವೂ ಜಾಸ್ತಿ. ಆದರೆ ಡ್ರ್ಯಾಗ್‌ಸ್ಟರ್‌ಗೆ ತೊಡೆಯ ಬಾರ್ ಮಾತ್ರ ಇತ್ತು, ಕಿಂಗ್ಡಾ ಕಾದಲ್ಲಿ ಭುಜದ ಬಾರ್. ಎರಡನ್ನೂ ಹತ್ತಿದ ಅನೇಕರು ಗಿಡ್ಡದ್ದೇ ವಾಸಿ ಅನ್ನುತ್ತಾರೆ. ನಾನೂ ಆ ಪಕ್ಷದವನೇ.

ಚಕ್ರದ ವಿಷಯ ಜನ ಮರೆತೇಬಿಡುತ್ತಾರೆ. ಹಳಿಯ ಮೇಲೆ, ಪಕ್ಕದಲ್ಲಿ, ಕೆಳಗೆ, ಮೂರು ಕಡೆ ಚಕ್ರ ಇರುತ್ತದೆ. ಗಟ್ಟಿ ನೈಲಾನ್ ಹಾಕಿದರೆ ರೈಲು ಚೆನ್ನಾಗಿ ಉರುಳುತ್ತದೆ, ಆದರೆ ಹಳಿಯ ಒಂದೊಂದು ವೆಲ್ಡಿಂಗ್ ಕೂಡ ಬೆನ್ನಿಗೆ ಗೊತ್ತಾಗುತ್ತದೆ. ಮೆತ್ತನೆಯ ಪಾಲಿಯುರೆಥೇನ್ ಹಾಕಿದರೆ ಹಿತ, ಆದರೆ ವೇಗ ತಿನ್ನುತ್ತದೆ, ಬೇಗ ಬಿಸಿಯಾಗುತ್ತದೆ. ಹೋದ ವರ್ಷ ಬೆಣ್ಣೆಯ ಹಾಗಿತ್ತು ಈ ವರ್ಷ ಗಡಗಡ ಅನ್ನುತ್ತೆ ಅಂತ ಯಾರಾದರೂ ಅಂದರೆ ನಾನು ಮೊದಲು ಅನುಮಾನಪಡುವುದು ಚಕ್ರದ ಮೇಲೆ. ಹಿಂದಿನ ಸಾಲಿನಲ್ಲಿ ಚಕ್ರದ ಮೇಲೇ ಬರುವ ಸೀಟಿನಲ್ಲಿ ಕೂತು ಇಡೀ ರೈಡಿಗೆ ಮಾರ್ಕ್ಸ್ ಕೊಡಬೇಡಿ.

ಹಳಿಯ ಆಕಾರವೂ ಅಷ್ಟೇ ಮುಖ್ಯ. ರೈಲು ಮಗುಚುವಾಗ ಹಳಿಯ ಸುತ್ತ ತಿರುಗಿದರೆ ತಲೆ ದೊಡ್ಡ ವೃತ್ತದಲ್ಲಿ ಬೀಸಿಹೋಗುತ್ತದೆ. ಎದೆಯ ಮಟ್ಟದ ಸುತ್ತ ತಿರುಗುವಂತೆ ಹಳಿ ಬಾಗಿಸಿದರೆ ಹಾಗಾಗುವುದಿಲ್ಲ. ಲಾಂಚ್ ಮುಗಿದ ಕೂಡಲೇ, ಪೂರ್ತಿ ವೇಗದಲ್ಲಿ ಇಂಥದ್ದನ್ನು ಇಡುವುದು ಇನ್ನೂ ಕಷ್ಟ. ಸೀಡರ್ ಪಾಯಿಂಟ್‌ನ ಮ್ಯಾವರಿಕ್‌ನಲ್ಲಿ 2007ರಲ್ಲಿ ಎರಡನೇ ಲಾಂಚ್ ಆದಮೇಲೆ ರೈಲು ಪೂರ್ತಿ ಮಗುಚಿ ತಿರುಗುವ ಒಂದು ಸುತ್ತು ಇತ್ತು. ಪರೀಕ್ಷೆಯ ಓಟಗಳಲ್ಲಿ ಅಲ್ಲಿ ಭಾರ ಅತಿಯಾಯಿತು ಅಂತ, ಕಟ್ಟಿ ನಿಲ್ಲಿಸಿದ ಹಳಿಯನ್ನೇ ಕಿತ್ತು, ಆರಂಭದ ದಿನ ಮುಂದೆ ಹಾಕಿದರು. ಪಾರ್ಕಿಗೆ ಅದು ಸಣ್ಣ ನಷ್ಟವಲ್ಲ. ಇವತ್ತು ಮ್ಯಾವರಿಕ್ ಅಂದರೆ ಜನ ಪ್ರಾಣ ಬಿಡುತ್ತಾರೆ.

ಡ್ರ್ಯಾಗ್‌ಸ್ಟರ್ ಕಥೆ ಇನ್ನೂ ಸ್ವಲ್ಪ ಬಾಕಿ ಇದೆ. 2021ರಲ್ಲಿ ರೈಲಿನಿಂದ ಲೋಹದ ತುಂಡೊಂದು ಹಾರಿ ಸಾಲಿನಲ್ಲಿದ್ದ ಮಹಿಳೆಗೆ ತೀವ್ರ ಗಾಯವಾದ ಮೇಲೆ ಅದು ನಿಂತಿತು. ಹೈಡ್ರಾಲಿಕ್ ತೆಗೆದು, ಎಲ್‌ಎಸ್‌ಎಂ ಹಾಕಿ, ಹಿಂದೆ ಇನ್ನೊಂದು ಗೋಪುರ ನಿಲ್ಲಿಸಿ, ಮೂರು ತಳ್ಳಿನ ಟಾಪ್ ಥ್ರಿಲ್ 2 ಅಂತ 2024ರ ಮೇ ತಿಂಗಳಲ್ಲಿ ತೆರೆದರು. ಹಳೆಯ ಗುದ್ದು ಇಲ್ಲ, ಅದೇ 193 ಕಿ.ಮೀ. ವೇಗ ಮೂರು ಕಂತಿನಲ್ಲಿ ಬರುತ್ತದೆ. ಇದು ಮೋಸ ಅಂತ ಒಂದು ಗುಂಪು, ಹಿಮ್ಮುಖವಾಗಿ ಆಕಾಶ ನೋಡುವುದೇ ಸುಖ ಅಂತ ಇನ್ನೊಂದು ಗುಂಪು, ವಾದ ಶುರುವಾಗುವಷ್ಟರಲ್ಲಿ ಎಂಟೊಂಬತ್ತು ದಿನಕ್ಕೇ ರೈಡ್ ಮುಚ್ಚಿತು, ಆ ಸೀಸನ್ ಪೂರ್ತಿ ಮತ್ತೆ ತೆರೆಯಲೇ ಇಲ್ಲ. ಪಾರ್ಕ್ ಕೊಟ್ಟ ಕಾರಣ ರೈಲಿನ ಬೋಗಿಗಳಿಗೆ ಮೆಕ್ಯಾನಿಕಲ್ ಬದಲಾವಣೆ ಬೇಕಿದೆ ಅನ್ನುವುದು. ಎಲ್ಲರೂ ಕಿತ್ತಾಡುತ್ತಿದ್ದ ಲಾಂಚ್ ಮೋಟಾರಿನ ಹೆಸರು ಅದರಲ್ಲಿ ಇರಲಿಲ್ಲ. 2025ರಲ್ಲಿ ಅದು ಮತ್ತೆ ಓಡಿತು.