ಹದಿಹರೆಯದವರ ಹೆಗಲ ಮೇಲೆ ಒಂದು ದೇಶದ ಹಾಕಿ

19 ವರ್ಷದೊಳಗಿನವರ ಕ್ರಿಕೆಟ್ ವಿಶ್ವಕಪ್ ನಡೆದರೆ ನಮ್ಮಲ್ಲಿ ಹೆಚ್ಚಿನವರು ಟಿ.ವಿ. ಹಾಕುವುದು ಭಾರತ ಫೈನಲ್ ತಲುಪಿದ ಮೇಲೆ. 2008ರಲ್ಲಿ ಮನೀಷ್ ಪಾಂಡೆ, 2010ರಲ್ಲಿ ಕೆ.ಎಲ್. ರಾಹುಲ್ ಮತ್ತು ಮಯಂಕ್ ಅಗರವಾಲ್ ಆ ಟೂರ್ನಿಯಲ್ಲಿ ಆಡಿದ್ದರು ಎಂಬುದು ಅಪ್ಪಟ ಅಭಿಮಾನಿಗಳಿಗೂ ಥಟ್ಟನೆ ನೆನಪಾಗದು. ಕೆನಡಾದಲ್ಲಿ ಕಥೆಯೇ ಬೇರೆ. ಅಲ್ಲಿ 20 ವರ್ಷದೊಳಗಿನ ಹುಡುಗರ ವಿಶ್ವ ಐಸ್ ಹಾಕಿ ಚಾಂಪಿಯನ್‌ಷಿಪ್ ಎಂದರೆ ಕ್ರಿಸ್‌ಮಸ್‌ನ ಮರುದಿನ ಶುರುವಾಗಿ ಹೊಸ ವರ್ಷದ ಮೊದಲ ವಾರದವರೆಗೆ ನಡೆಯುವ ರಾಷ್ಟ್ರೀಯ ಹಬ್ಬ. ಶಾಲೆಗೆ ರಜೆ, ಹೊರಗೆ ಹಿಮ, ಮನೆತುಂಬ ನೆಂಟರು, ಟಿ.ವಿ.ಯಲ್ಲಿ ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗರ ಆಟ. ಇದೇ ಟೂರ್ನಿ ಯುರೋಪಿನಲ್ಲಿ ನಡೆದರೆ, ಆತಿಥೇಯ ತಂಡ ಆಡದ ಪಂದ್ಯಗಳಿಗೆ ಜನ ಸೇರಿಸುವುದೇ ಕಷ್ಟ.

ಇಷ್ಟಾಗಿ ಈ ಟೂರ್ನಿ ಹುಟ್ಟಿದ್ದು ಕೆನಡಾದಲ್ಲಲ್ಲ. ಮೊದಲ ಕೂಟ ನಡೆದದ್ದು 1974ರಲ್ಲಿ, ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್‌ನಲ್ಲಿ. ಅದು ಮತ್ತು ನಂತರದ ಎರಡು ಕೂಟಗಳು ಆಹ್ವಾನಿತ ತಂಡಗಳ ಅನಧಿಕೃತ ಪಂದ್ಯಾವಳಿಗಳು. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ಅಧಿಕೃತ ಮುದ್ರೆ ಒತ್ತಿದ್ದು 1977ರಲ್ಲಿ, ಆಗಿನ ಚೆಕೊಸ್ಲೊವಾಕಿಯಾದ ಬಾನ್ಸ್ಕಾ ಬಿಸ್ಟ್ರಿತ್ಸಾ ಮತ್ತು ಜ್ವೊಲೆನ್ ಊರುಗಳಲ್ಲಿ ನಡೆದ ಟೂರ್ನಿಗೆ. ಅನಧಿಕೃತವಾದ ಮೂರು, ಅಧಿಕೃತವಾದ ಮೊದಲ ನಾಲ್ಕು, ಹೀಗೆ ಏಳಕ್ಕೆ ಏಳನ್ನೂ ಗೆದ್ದದ್ದು ಸೋವಿಯತ್ ಹುಡುಗರೇ.

ಹಾಕಿ ತನ್ನ ಮನೆಯ ಆಟ ಎಂದು ನಂಬಿದ್ದ ಕೆನಡಾ ಏನು ಮಾಡುತ್ತಿತ್ತು? ದೇಶದ ತಂಡವನ್ನು ಕಟ್ಟುವ ಗೋಜಿಗೇ ಹೋಗದೆ, ಬಹುತೇಕ ವರ್ಷ ಯಾವುದಾದರೂ ಒಂದು ಜೂನಿಯರ್ ಕ್ಲಬ್ಬನ್ನು ವಿಮಾನ ಹತ್ತಿಸುತ್ತಿತ್ತು. ಜೂನಿಯರ್ ಲೀಗ್‌ಗಳು ಅಲ್ಲಿ ಟಿಕೆಟ್ ಮಾರಿ ಬದುಕುವ ವ್ಯವಹಾರ. ಋತುವಿನ ನಡುವೆ ತಮ್ಮ ಒಳ್ಳೆಯ ಆಟಗಾರನನ್ನು ಎರಡು ಮೂರು ವಾರ ಬಿಟ್ಟುಕೊಡಲು ಯಾವ ಮಾಲೀಕನಿಗೂ ಮನಸ್ಸಿರಲಿಲ್ಲ. 1978ರಲ್ಲಿ ಟೂರ್ನಿ ಕೆನಡಾದಲ್ಲೇ ನಡೆದಾಗ ಒಮ್ಮೆ ಆಯ್ದ ಆಟಗಾರರ ತಂಡ ಇಳಿಯಿತು. ಅದರಲ್ಲಿದ್ದ ವೇಯ್ನ್ ಗ್ರೆಟ್ಜ್‌ಕಿ ಎಂಬ 16ರ ಹುಡುಗ ಟೂರ್ನಿಯಲ್ಲೇ ಅತಿ ಹೆಚ್ಚು ಅಂಕ (ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿದ. ತಂಡಕ್ಕೆ ಕಂಚು ಬಂತು. ಮರುವರ್ಷ ಮತ್ತೆ ಹಳೆಯ ಚಾಳಿ. 1981ರಲ್ಲಿ ಕಾರ್ನ್‌ವಾಲ್ ರಾಯಲ್ಸ್ ಕ್ಲಬ್ ಹೋಗಿ ಎಂಟು ತಂಡಗಳಲ್ಲಿ ಏಳನೆಯದಾಗಿ ಬಂದಾಗ ಮುಖಭಂಗ ಪೂರ್ತಿಯಾಯಿತು.

ಆಗಿನ ಕೆನಡಾ ಹಾಕಿ ಸಂಸ್ಥೆಯ ಅಧ್ಯಕ್ಷ ಮರ್ರೆ ಕಾಸ್ಟೆಲೊ ಮೂರೂ ಪ್ರಮುಖ ಜೂನಿಯರ್ ಲೀಗ್‌ಗಳನ್ನು ಒಪ್ಪಿಸಿ ತಂದ ಯೋಜನೆಯ ಹೆಸರು ‘ಪ್ರೋಗ್ರಾಂ ಆಫ್ ಎಕ್ಸಲೆನ್ಸ್’. ಬೇಸಿಗೆಯಲ್ಲಿ ಶಿಬಿರ, ಇಡೀ ದೇಶದಿಂದ ಆಯ್ಕೆ, ಡೇವ್ ಕಿಂಗ್ ಎಂಬ ಕೋಚ್. ಫಲ ಒಂದೇ ವರ್ಷದಲ್ಲಿ ಸಿಕ್ಕಿತು. 1982ರಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ರಾಚೆಸ್ಟರ್‌ನಲ್ಲಿ ಚೆಕೊಸ್ಲೊವಾಕಿಯಾ ಎದುರು 3–3ರ ಡ್ರಾ ಸಾಧಿಸಿ ಕೆನಡಾ ಮೊದಲ ಚಿನ್ನ ಗೆದ್ದಿತು. ಪದಕ ಕೊಡುವಾಗ ನೋಡಿದರೆ ಸಂಘಟಕರ ಬಳಿ ಕೆನಡಾದ ರಾಷ್ಟ್ರಗೀತೆಯ ಟೇಪೇ ಇಲ್ಲ! ಹುಡುಗರು ಹೆಗಲಿಗೆ ಹೆಗಲು ಕೊಟ್ಟು ನಿಂತು ತಾವೇ ಹಾಡಿಕೊಂಡರು.

ಆದರೂ ಈ ಟೂರ್ನಿಯನ್ನು ಕೆನಡಾದ ಮನೆಮನೆಗೆ ಮುಟ್ಟಿಸಿದ್ದು ಆ ಚಿನ್ನವಲ್ಲ, ಒಂದು ಬೀದಿಜಗಳ.

1987ರ ಜನವರಿ 4. ಇಂದಿನ ಸ್ಲೊವಾಕಿಯಾದಲ್ಲಿರುವ ಪಿಯೆಷ್ಟ್ಯಾನಿ ಎಂಬ ಬಿಸಿನೀರ ಬುಗ್ಗೆಗಳ ಊರು. ಆಗ ಈ ಟೂರ್ನಿಗೆ ಫೈನಲ್ ಎಂಬುದಿರಲಿಲ್ಲ, ಎಲ್ಲರೂ ಎಲ್ಲರೊಡನೆ ಆಡಿ ಅಂಕಪಟ್ಟಿಯಲ್ಲಿ ಮೇಲಿದ್ದವರಿಗೆ ಚಿನ್ನ. (ನಾಕ್‌ಔಟ್ ಸುತ್ತು ಬಂದದ್ದು 1996ರಲ್ಲಿ.) ಹಾಗಾಗಿ ಕೊನೆಯ ಪಂದ್ಯದಲ್ಲಿ ಸೋವಿಯತ್ ತಂಡವನ್ನು ಐದು ಗೋಲುಗಳ ಅಂತರದಿಂದ ಸೋಲಿಸಿದರೆ ಕೆನಡಾಕ್ಕೆ ಚಿನ್ನ, ಸೋತರೂ ಕಂಚು ಖಚಿತ ಎಂಬ ಲೆಕ್ಕ. ಸೋವಿಯತ್ ತಂಡ ಆಗಲೇ ಪದಕದ ಓಟದಿಂದ ಹೊರಬಿದ್ದಿತ್ತು, ಅವರಿಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಎರಡನೇ ಅವಧಿಯಲ್ಲಿ ಕೆನಡಾ 4–2ರಿಂದ ಮುಂದಿದ್ದಾಗ ಇಬ್ಬರ ನಡುವಿನ ಕೈಕೈ ಮಿಲಾವಣೆ ಐದಾರು ಜನರಿಗೆ ಹಬ್ಬಿತು. ಸೋವಿಯತ್ ಬೆಂಚಿನಿಂದ ಒಬ್ಬ ರಿಂಕ್‌ಗೆ (ಹಿಮದ ಅಂಕಣಕ್ಕೆ) ಹಾರಿದ. ಬೆನ್ನಿಗೇ ಎರಡೂ ಬೆಂಚುಗಳು ಖಾಲಿಯಾದವು. ನಾರ್ವೆಯ ರೆಫರಿ ಹಾನ್ಸ್ ರೋನಿಂಗ್ ಮತ್ತು ಲೈನ್ಸ್‌ಮನ್‌ಗಳು ಕೈಚೆಲ್ಲಿ ರಿಂಕ್ ಬಿಟ್ಟು ನಡೆದರು. ಏನೂ ತೋಚದೆ ಸಂಘಟಕರು ಕ್ರೀಡಾಂಗಣದ ದೀಪಗಳನ್ನೇ ಆರಿಸಿದರು. ಕತ್ತಲಲ್ಲೂ ಹೊಡೆದಾಟ ನಿಲ್ಲಲಿಲ್ಲ. ಮುಂದೆ ಉತ್ತರ ಅಮೆರಿಕದ ವೃತ್ತಿಪರ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ದಂತಕಥೆಗಳಾದ ಬ್ರೆಂಡನ್ ಶನಹನ್, ಸೆರ್ಗೆಯ್ ಫೆಡೊರೊವ್, ಅಲೆಕ್ಸಾಂಡರ್ ಮೊಗಿಲ್ನಿ ಅಂದು ಆ ತಂಡಗಳಲ್ಲಿದ್ದ ಹುಡುಗರು. ಕೆನಡಾದ ಪಿಯೆರ್ ಟರ್ಜನ್ ಬೆಂಚು ಬಿಟ್ಟು ಏಳಲಿಲ್ಲ. ಅದಕ್ಕಾಗಿ ಆತನನ್ನು ಹೇಡಿ ಎಂಬಂತೆ ಕಂಡ ಜೊತೆಯಾಟಗಾರರಿದ್ದರು. ಅಂದು ತಲೆ ನೆಟ್ಟಗಿದ್ದದ್ದು ಅವನದೇ ಎಂದು ನನಗನ್ನಿಸುತ್ತದೆ.

ಅಂತರರಾಷ್ಟ್ರೀಯ ಒಕ್ಕೂಟ ಎರಡೂ ತಂಡಗಳನ್ನು ಟೂರ್ನಿಯಿಂದ ಹೊರಹಾಕಿತು. ಕೆನಡಾದ ಹುಡುಗರನ್ನು ಶಸ್ತ್ರಸಜ್ಜಿತ ಕಾವಲಿನಲ್ಲಿ ಅಂದೇ ಗಡಿ ದಾಟಿಸಲಾಯಿತು. ಚಿನ್ನ ಫಿನ್ಲೆಂಡಿಗೆ ಹೋಯಿತು. ಮೊದಲಿಗೆ ನಾಚಿಕೆಗೇಡು ಎಂಬ ಮಾತು ಕೆನಡಾದಲ್ಲೂ ಕೇಳಿಬಂತು. ಆದರೆ ಟಿ.ವಿ. ವಿಶ್ಲೇಷಕ ಡಾನ್ ಚೆರ್ರಿ ಸ್ಟುಡಿಯೊದಲ್ಲೇ ಹುಡುಗರ ಪರ ನಿಂತರು. ಎನ್‌ಎಚ್‌ಎಲ್‌ನ ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಮಾಲೀಕ ಹೆರಾಲ್ಡ್ ಬ್ಯಾಲಾರ್ಡ್ ತಂಡಕ್ಕೆ ತಾವೇ ಚಿನ್ನದ ಪದಕ ಮಾಡಿಸಿ ಕೊಟ್ಟರು. ಆಟಗಾರರಿಗೆ ವಿಧಿಸಿದ್ದ ಅಮಾನತು ಶಿಕ್ಷೆಯೂ ಮೇಲ್ಮನವಿಯಲ್ಲಿ ಆರು ತಿಂಗಳಿಗೆ ಇಳಿಯಿತು. ಅನ್ಯಾಯ ಆಗಿದ್ದು ನಮಗೆ ಎಂಬ ಭಾವ ಊರೆಲ್ಲ ಹರಡಿದ ಮೇಲೆ, ಮುಂದಿನ ವರ್ಷ ಮಾಸ್ಕೊದಲ್ಲಿ ಚಿನ್ನ ಗೆದ್ದ ತಂಡವನ್ನು ನೋಡದಿರುವವರು ಯಾರು?

ಕಾದಿದ್ದ ಮಾರುಕಟ್ಟೆಯನ್ನು ಟಿಎಸ್‌ಎನ್ ಎಂಬ ಕ್ರೀಡಾ ವಾಹಿನಿ ಚೆನ್ನಾಗಿಯೇ ಗುರುತಿಸಿತು. 1991ರ ಟೂರ್ನಿ ಕೆನಡಾದ ಸಸ್ಕಾಚೆವನ್‌ನಲ್ಲಿ. ನಿರ್ಣಾಯಕ ಪಂದ್ಯದಲ್ಲಿ ಸೋವಿಯತ್ ವಿರುದ್ಧ ಜಾನ್ ಸ್ಲೇನಿ ಕೊನೆಯ ಅವಧಿಯಲ್ಲಿ ಹೊಡೆದ ಗೋಲು ಕ್ರಿಸ್‌ಮಸ್ ರಜೆಯ ಹಾಕಿಯನ್ನು ಅಭ್ಯಾಸವಾಗಿಸಿತು. ಮರುವರ್ಷ ಜರ್ಮನಿಯಲ್ಲಿ ಟೂರ್ನಿ ನಡೆಯುತ್ತಿರುವಾಗಲೇ ಸೋವಿಯತ್ ಒಕ್ಕೂಟ ಕುಸಿದುಬಿತ್ತು. ಒಂದು ದೇಶದ ಹೆಸರಲ್ಲಿ ಆಟ ಶುರು ಮಾಡಿದ ಹುಡುಗರು ಇನ್ನೊಂದು ಹೆಸರಲ್ಲಿ ಚಿನ್ನ ಗೆದ್ದರು. 1993ರಿಂದ 1997, 2005ರಿಂದ 2009, ಎರಡು ಬಾರಿ ಸತತ ಐದು ಚಿನ್ನ ಗೆದ್ದ ಕೆನಡಾದಲ್ಲಿ ಹುಚ್ಚು ನೆತ್ತಿಗೇರಿತು. ಅಂತರರಾಷ್ಟ್ರೀಯ ಒಕ್ಕೂಟವೂ ಲೆಕ್ಕ ಹಾಕಿತು. 2009, 2010, 2012, 2015, 2017, 2019, ಟೂರ್ನಿ ಮತ್ತೆ ಮತ್ತೆ ಕೆನಡಾಕ್ಕೇ. 2012ರಲ್ಲಿ ಕ್ಯಾಲ್ಗರಿ ಮತ್ತು ಎಡ್ಮಂಟನ್‌ನಲ್ಲಿ ಒಟ್ಟು 4.55 ಲಕ್ಷ ಪ್ರೇಕ್ಷಕರು ಸೇರಿದರು.

ಇದರ ಭಾರ ಬಿದ್ದದ್ದು ಹುಡುಗರ ಮೇಲೆ. 2004ರ ಫೈನಲ್‌ನಲ್ಲಿ ಕೆನಡಾದ ಗೋಲ್‌ಕೀಪರ್ ಮಾರ್ಕ್-ಆಂದ್ರೆ ಫ್ಲೂರಿ ದೂರ ತಳ್ಳಲು ಹೊಡೆದ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತನ್ನದೇ ತಂಡದವನಿಗೆ ಬಡಿದು ಬಲೆ ಸೇರಿ ಅಮೆರಿಕಕ್ಕೆ ಮೊದಲ ಚಿನ್ನ ತಂದಿತು. ಆಗಿನ್ನೂ ಸಾಮಾಜಿಕ ಜಾಲತಾಣಗಳ ಕಾಟವಿರಲಿಲ್ಲ, ಬಚಾವಾದ. 2019ರ ಕ್ವಾರ್ಟರ್‌ಫೈನಲ್‌ನಲ್ಲಿ ಫಿನ್ಲೆಂಡ್ ವಿರುದ್ಧ ಹೆಚ್ಚುವರಿ ಅವಧಿಯ ಪೆನಾಲ್ಟಿ ಹೊಡೆತವನ್ನು ಗೋಲಾಗಿಸಲಾಗದ ನಾಯಕ ಮ್ಯಾಕ್ಸಿಮ್ ಕೊಮ್ಟುವಾಗೆ ಆ ಭಾಗ್ಯವಿರಲಿಲ್ಲ. ಆತನ ಇನ್‌ಸ್ಟಾಗ್ರಾಂ ಪುಟ ಬೈಗುಳಗಳಿಂದ ತುಂಬಿಹೋಯಿತು. ಭುಜದ ಗಾಯದೊಂದಿಗೇ ಆಡಿದ್ದ ಎಂಬುದು ಹೊರಬಂದದ್ದು ಆಮೇಲೆ. ಆಗ ಆತನಿಗೆ ಇಪ್ಪತ್ತು ತುಂಬಿರಲಿಲ್ಲ.

ದುಡ್ಡಿನ ಇನ್ನೊಂದು ಮುಖ ಬಯಲಾದದ್ದು 2022ರ ಮೇನಲ್ಲಿ. 2018ರ ಚಿನ್ನ ವಿಜೇತ ತಂಡದ ಕೆಲವರೂ ಸೇರಿ ಎಂಟು ಆಟಗಾರರು ಆ ವರ್ಷದ ಜೂನ್‌ನಲ್ಲಿ ಒಂಟಾರಿಯೊದ ಲಂಡನ್ ನಗರದಲ್ಲಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರೆಂದು ಯುವತಿಯೊಬ್ಬಳು ಹೂಡಿದ್ದ ದಾವೆಯನ್ನು ಹಾಕಿ ಕೆನಡಾ ಸಂಸ್ಥೆ ಸದ್ದಿಲ್ಲದೆ ರಾಜಿ ಮಾಡಿ ಮುಗಿಸಿತ್ತು ಎಂದು ಅದೇ ಟಿಎಸ್‌ಎನ್‌ನ ವರದಿಗಾರ ರಿಕ್ ವೆಸ್ಟ್‌ಹೆಡ್ ಸುದ್ದಿ ಮಾಡಿದರು. ಬಗೆದಷ್ಟೂ ಹೊರಬಂತು. ಸಣ್ಣ ಮಕ್ಕಳ ಹಾಕಿ ನೋಂದಣಿಗೆ ತಂದೆತಾಯಿ ಕಟ್ಟಿದ ಶುಲ್ಕದ ಒಂದು ಪಾಲು ಸೇರುತ್ತಿದ್ದ ನಿಧಿಯಿಂದ, 1989ರಿಂದೀಚೆಗೆ ಒಂಬತ್ತು ಲೈಂಗಿಕ ದೌರ್ಜನ್ಯದ ದೂರುಗಳ ಇತ್ಯರ್ಥಕ್ಕೆ 76 ಲಕ್ಷ ಡಾಲರ್ ಕೊಟ್ಟದ್ದಾಗಿ ಸಂಸ್ಥೆಯೇ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡಿತು. ಸರ್ಕಾರ ಅನುದಾನ ತಡೆಹಿಡಿಯಿತು, ಪ್ರಾಯೋಜಕರು ಹಿಂದೆ ಸರಿದರು.

ಕೋವಿಡ್‌ನಿಂದಾಗಿ 2021ರ ಡಿಸೆಂಬರ್‌ನಲ್ಲಿ ಅರ್ಧಕ್ಕೇ ನಿಂತಿದ್ದ ಟೂರ್ನಿಯನ್ನು ಎಡ್ಮಂಟನ್‌ನಲ್ಲಿ ಮತ್ತೆ ಆಡಿಸಿದ್ದು ಇದೇ ಗದ್ದಲದ ನಡುವೆ, ಆಗಸ್ಟ್‌ನ ಬಿಸಿಲಿನಲ್ಲಿ. ರಿಂಕ್‌ನ ಸುತ್ತಲ ಹಲಗೆಗಳಲ್ಲಿ ಜಾಹೀರಾತಿಲ್ಲ, ಬಹುತೇಕ ಪಂದ್ಯಗಳಿಗೆ ಗ್ಯಾಲರಿಯಲ್ಲಿ ಜನ ವಿರಳ. ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಗೆರೆ ದಾಟುತ್ತಿದ್ದ ಪಕ್ಕನ್ನು ಮೇಸನ್ ಮ್ಯಾಕ್‌ಟ್ಯಾವಿಶ್ ಕೋಲು ಚಾಚಿ ತಡೆದ ಕ್ಷಣ ಈ ಟೂರ್ನಿಯ ಇತಿಹಾಸದಲ್ಲೇ ಅಪರೂಪದ್ದು. ಅಂದಹಾಗೆ, 18 ವರ್ಷದೊಳಗಿನ ಹುಡುಗಿಯರ ಚಾಂಪಿಯನ್‌ಷಿಪ್ ಕೂಡ ಅದೇ ಕೋವಿಡ್‌ಗೆ ಸತತ ಎರಡನೇ ವರ್ಷ ಬಲಿಯಾಗಿತ್ತು. ಹುಡುಗರ ಟೂರ್ನಿಯನ್ನು ಮುಂದುವರಿಸುತ್ತಿದ್ದಾರಲ್ಲ ಎಂಬ ಆಕ್ಷೇಪ ಎದ್ದ ಮೇಲಷ್ಟೇ ಅದಕ್ಕೂ ಹೊಸ ದಿನಾಂಕ ಸಿಕ್ಕಿತು.

ಅಕ್ಟೋಬರ್‌ನಲ್ಲಿ ಹಾಕಿ ಕೆನಡಾದ ಮುಖ್ಯಸ್ಥ ಮತ್ತು ಇಡೀ ಆಡಳಿತ ಮಂಡಳಿ ಹೊರನಡೆಯಬೇಕಾಯಿತು. ಎರಡೇ ತಿಂಗಳಲ್ಲಿ, ಉಕ್ರೇನ್ ಯುದ್ಧದ ಕಾರಣ ರಷ್ಯಾದಿಂದ ಕಿತ್ತು ತಂದ 2023ರ ಟೂರ್ನಿ ಹ್ಯಾಲಿಫ್ಯಾಕ್ಸ್ ಮತ್ತು ಮಾಂಕ್ಟನ್‌ನಲ್ಲಿ ಶುರುವಾದಾಗ ಆಸನಗಳು ಮತ್ತೆ ಭರ್ತಿ. ಕಾನರ್ ಬೆಡಾರ್ಡ್ ಎಂಬ 17ರ ಹುಡುಗನ 23 ಅಂಕಗಳ ಕೆನಡಾ ದಾಖಲೆ ಉಳಿದೆಲ್ಲ ಮಾತನ್ನೂ ನುಂಗಿಹಾಕಿತು. ಲಂಡನ್ ಪ್ರಕರಣದಲ್ಲಿ ಕ್ರಿಮಿನಲ್ ಆರೋಪ ಹೊತ್ತ ಐವರನ್ನೂ ನ್ಯಾಯಾಲಯ 2025ರ ಜುಲೈನಲ್ಲಿ ಖುಲಾಸೆಗೊಳಿಸಿತು. ಅದೇ ವರ್ಷದ ಆರಂಭದಲ್ಲಿ ಒಟ್ಟಾವಾದಲ್ಲಿ ಕೆನಡಾ ಸತತ ಎರಡನೇ ಬಾರಿ ಕ್ವಾರ್ಟರ್‌ಫೈನಲ್‌ನಲ್ಲೇ ಚೆಕ್ ತಂಡಕ್ಕೆ ಮಣಿದಿತ್ತು. ಆಗ ಎದ್ದ ಗದ್ದಲವೆಲ್ಲ ಯಾರನ್ನು ತಂಡದಿಂದ ಕೈಬಿಟ್ಟರು, ಕೋಚ್ ಏನು ಮಾಡಿದರು ಎಂಬುದರ ಬಗ್ಗೆ. ನೋಂದಣಿ ಶುಲ್ಕ ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳುವ ದನಿ ಅಷ್ಟರಲ್ಲಿ ಕ್ಷೀಣಿಸಿತ್ತು.