ಮಗು ಮೇಲೆ ಬಂತು, ಬೋರ್ ಬಾಯಿ ತೆರೆದೇ ಇದೆ

2024ರ ಏಪ್ರಿಲ್ 3ರ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಇನ್ನೂ ಎರಡು ವರ್ಷ ತುಂಬದ ಗಂಡುಮಗು ಹೊಲದ ಕೊಳವೆ ಬಾವಿಗೆ ಬಿದ್ದಿತ್ತು. ಅದೂ ತಲೆಕೆಳಗಾಗಿ. ಒಳಗೆ ಇಳಿಸಿದ ಕ್ಯಾಮೆರಾದಲ್ಲಿ ಕಾಣುತ್ತಿದ್ದದ್ದು ಎರಡು ಪುಟ್ಟ ಕಾಲು ಮಾತ್ರ. ಆ ಕಾಲು ಅಲ್ಲಾಡಿದ ವಿಡಿಯೊ ಸ್ವಲ್ಪ ಹೊತ್ತಿನಲ್ಲೇ ಎಲ್ಲರ ಮೊಬೈಲಿಗೂ ಬಂತು. ಅಮ್ಮ ಅದನ್ನೇ ಮತ್ತೆ ಮತ್ತೆ ನೋಡುತ್ತಾ, "ಅಲ್ಲಾಡ್ತು ನೋಡು, ಜೀವ ಇದೆ" ಅನ್ನುತ್ತಿದ್ದರು.

ಮಾರನೇ ದಿನ ಮಧ್ಯಾಹ್ನ, ಸುಮಾರು 20 ಗಂಟೆಗಳ ನಂತರ, ಮಗು ಜೀವಂತ ಹೊರಬಂತು. ಬೋರ್ ಪಕ್ಕದಲ್ಲೇ ದೊಡ್ಡ ಗುಂಡಿ ತೆಗೆದು, ಅಲ್ಲಿಂದ ಅಡ್ಡಕ್ಕೆ ಸುರಂಗ ಕೊರೆದು ತಲುಪಿದ್ದರು. ಸುತ್ತ ನೆರೆದಿದ್ದ ಜನ ಚಪ್ಪಾಳೆ ತಟ್ಟಿದರು, ಜೈಕಾರ ಹಾಕಿದರು. ಟಿವಿ ಮುಂದೆ ಕೂತಿದ್ದ ನಾವೂ ಅತ್ತೆವು. ಯಾರ ಮಗುವೋ, ಯಾವ ಊರೋ! ಆದರೂ ಆ ಒಂದು ದಿನ ಅದು ನಮ್ಮ ಮನೆಯ ಮಗುವೇ ಆಗಿತ್ತು.

ಹೀಗೆ ದೇಶಕ್ಕೆ ದೇಶವೇ ಒಂದು ಬೋರ್ ಸುತ್ತ ಉಸಿರು ಬಿಗಿಹಿಡಿದು ಕೂತದ್ದು 2006ರ ಜುಲೈನಲ್ಲಿ. ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಹಲ್ದಾಹೇಡಿ ಎಂಬ ಹಳ್ಳಿ. ಪುಟ್ಟ ಹುಡುಗನೊಬ್ಬ ಸುಮಾರು 60 ಅಡಿ ಆಳದಲ್ಲಿ ಸಿಕ್ಕಿಬಿದ್ದಿದ್ದ. 24 ಗಂಟೆ ಸುದ್ದಿ ಕೊಡುವ ಹಿಂದಿ ಚಾನೆಲ್‌ಗಳು ಆಗ ಒಂದರ ಹಿಂದೆ ಒಂದು ಹುಟ್ಟಿಕೊಂಡಿದ್ದ ಕಾಲ. ಎಲ್ಲ ಕ್ಯಾಮೆರಾಗಳೂ ಆ ಹಳ್ಳಿಗೆ ಓಡಿದವು. ಮೇಲಿನಿಂದ ಬಿಸ್ಕತ್ತು, ಚಾಕೊಲೇಟ್ ಇಳಿಸಿದ್ದನ್ನು ಜನ ನೇರಪ್ರಸಾರದಲ್ಲಿ ನೋಡಿದರು. ದೇವಸ್ಥಾನ, ಮಸೀದಿ, ಗುರುದ್ವಾರಗಳಲ್ಲಿ ಪ್ರಾರ್ಥನೆ ನಡೆಯಿತು. ಸೇನೆಯವರು ಪಕ್ಕದ ಒಣ ಬಾವಿಯಿಂದ ಸುರಂಗ ತೋಡಿ, ಸುಮಾರು ಎರಡು ದಿನದ ನಂತರ ಅವನನ್ನು ಎತ್ತಿಕೊಂಡು ಬಂದರು. ಊರೂರಲ್ಲಿ ಸಿಹಿ ಹಂಚಿದರು.

ಆ ಖುಷಿಯಲ್ಲಿ ಒಂದು ಪ್ರಶ್ನೆ ಹಿಂದೆ ಸರಿಯಿತು ಅಂತ ನನಗೆ ಅನ್ನಿಸುತ್ತದೆ. ಆ ತೂತು ಅಲ್ಲಿ ಯಾಕೆ ಹಾಗೇ ತೆರೆದಿತ್ತು?

ಮರುವರ್ಷವೇ ಸರದಿ ನಮ್ಮ ರಾಯಚೂರು ಜಿಲ್ಲೆಗೆ ಬಂತು. 2007ರಲ್ಲಿ ಮಾನ್ವಿ ತಾಲ್ಲೂಕಿನ ನೀರಮಾನ್ವಿಯಲ್ಲಿ ಬಿದ್ದ ಹುಡುಗ ಉಳಿಯಲಿಲ್ಲ. 2014ರ ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಆರು ವರ್ಷದ ಹುಡುಗ. ದಿನಗಟ್ಟಲೆ ಅಗೆದರೂ ಅವನನ್ನು ಉಳಿಸಿಕೊಳ್ಳಲು ಆಗಲಿಲ್ಲ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದ ಆರು ವರ್ಷದ ಹುಡುಗಿಯೂ ಹೀಗೇ ಹೋದಳು. ಪ್ರತಿ ಸಲವೂ ಜಾತ್ರೆಯಂತೆ ಜನ ಸೇರಿದರು, ಹರಕೆ ಹೊತ್ತರು, ಮಂತ್ರಿಗಳು ಬಂದರು, ಕೊನೆಗೆ ಎಲ್ಲರೂ ಕಣ್ಣೀರು ಒರೆಸಿಕೊಂಡು ಮನೆಗೆ ಹೋದರು.

ಜನರ ಕಣ್ಣೀರು ಸಿಟ್ಟಾಗಿ ತಿರುಗಿದ್ದು 2019ರಲ್ಲಿ. ಜೂನ್‌ನಲ್ಲಿ ಪಂಜಾಬಿನ ಸಂಗ್ರೂರ್ ಜಿಲ್ಲೆಯಲ್ಲಿ ಎರಡು ವರ್ಷದ ಮಗುವನ್ನು ನೂರಕ್ಕೂ ಹೆಚ್ಚು ಗಂಟೆಗಳ ನಂತರ ಹೊರತೆಗೆದಾಗ ಅದರ ಜೀವ ಹೋಗಿತ್ತು. ಇಷ್ಟು ತಡ ಯಾಕೆ ಅಂತ ಜನ ರಸ್ತೆಗೆ ಇಳಿದರು. ಅದೇ ವರ್ಷ ದೀಪಾವಳಿ ಹೊತ್ತಿಗೆ ತಮಿಳುನಾಡಿನ ತಿರುಚಿರಾಪಳ್ಳಿ ಜಿಲ್ಲೆಯ ನಡುಕಾಟ್ಟುಪಟ್ಟಿಯಲ್ಲಿ ಇನ್ನೊಂದು ಎರಡು ವರ್ಷದ ಮಗು. ಅಲ್ಲಿ ಬಂಡೆ ಎಷ್ಟು ಗಟ್ಟಿಯಿತ್ತೆಂದರೆ ರಿಗ್ ಯಂತ್ರಗಳೇ ತಿಣುಕಿದವು. ನಾಲ್ಕು ದಿನ ಇಡೀ ರಾಜ್ಯ ಟಿವಿಗೆ ಅಂಟಿಕೊಂಡಿತ್ತು. ಆಗಲೇ ತೂತ್ತುಕುಡಿಯಲ್ಲಿ ಒಂದು ದಂಪತಿ ಆ ಸುದ್ದಿ ನೋಡುತ್ತಾ ಕೂತಿದ್ದಾಗ ಅವರದೇ ಪುಟ್ಟ ಮಗಳು ಬಚ್ಚಲುಮನೆಯ ನೀರಿನ ತೊಟ್ಟಿಗೆ ಬಿದ್ದು ಸತ್ತುಹೋದಳು. ಆ ಅಪ್ಪ ಅಮ್ಮನನ್ನು ಬೈದವರು ಬಹಳ. ನನಗೆ ಬೈಯಲು ಬಾಯಿ ಬರುವುದಿಲ್ಲ. ಬೇರೆಯವರ ಮಗುವಿಗಾಗಿ ಮನಸ್ಸು ಕಲಕಿ ಕೂತವರು ಅವರು.

ಹಾಗೆ ನೋಡಿದರೆ ಪ್ರತಿ ಘಟನೆಯಲ್ಲೂ ಮೊದಲ ಬೈಗುಳ ಹೆತ್ತವರಿಗೇ. "ಮಗು ನೋಡಿಕೊಳ್ಳೋಕೆ ಆಗಲ್ವಾ?" ಅಂತ. ಹೊಲದಲ್ಲಿ ಕೂಲಿ ಮಾಡುವ ತಾಯಿ ಮಗುವನ್ನು ಎಲ್ಲಿ ಬಿಡಬೇಕು? ಬದುವಿನ ಮೇಲೆ, ಮರದ ನೆರಳಲ್ಲಿ. ಅಲ್ಲೇ ನಾಲ್ಕು ಹೆಜ್ಜೆ ಆಚೆಗೆ ಬೋರ್ ಇರುತ್ತದೆ.

ಬೋರ್ ಯಾಕೆ ತೆರೆದಿರುತ್ತದೆ ಅನ್ನುವುದು ರೈತರಿಗೆ ಚೆನ್ನಾಗಿ ಗೊತ್ತು. ಸಾಲ ಮಾಡಿ ಕೊರೆಸಿರುತ್ತಾರೆ. ಐನೂರು, ಆರುನೂರು ಅಡಿ ಹೋದರೂ ಬರೀ ಪುಡಿ ಬರುತ್ತದೆ, ನೀರು ಬರುವುದಿಲ್ಲ. ಬೋರ್ ಫೇಲ್. ಮೇಲ್ಮಣ್ಣು ಕುಸಿಯದ ಹಾಗೆ ಇಳಿಸಿದ್ದ ಕೇಸಿಂಗ್ ಪೈಪಿಗೆ ಬೆಲೆ ಜಾಸ್ತಿ. ಅದನ್ನು ಬಿಟ್ಟರೆ ದುಡ್ಡು ಮಣ್ಣುಪಾಲು ಅಂತ ಎಳೆದು ತೆಗೆದು ಮುಂದಿನ ಪಾಯಿಂಟಿಗೆ ಒಯ್ಯುತ್ತಾರೆ. ಉಳಿಯುವುದು ನೆಲಮಟ್ಟದ ಒಂದು ತೂತು. ದೊಡ್ಡವರ ಕಾಲು ಸಿಕ್ಕಿಕೊಳ್ಳಬಹುದು, ಅಷ್ಟೇ. ಎರಡು ವರ್ಷದ ಮಗು ಮಾತ್ರ ಜಾರಿ ಒಳಗೆ ಹೋಗುತ್ತದೆ. ಪೈಪ್ ಇಲ್ಲದ ಗೋಡೆಯ ಮಣ್ಣು ಮೇಲಿಂದ ಉದುರುತ್ತಲೂ ಇರುತ್ತದೆ. ಪಕ್ಕದಲ್ಲಿ ಹಿಟಾಚಿ ಓಡಿದರೆ ಆ ಅದುರಿಗೇ ಮಗು ಇನ್ನೂ ಕೆಳಗೆ ಜಾರಬಹುದು. ಅದಕ್ಕೇ ಕೊನೆಯ ಕೆಲವು ಅಡಿಗಳನ್ನು ಕೈಯಲ್ಲೇ ಕೊರೆಯುತ್ತಾರೆ. ಟಿವಿ ನೋಡುವವರಿಗೆ ಅದು ನಿಧಾನ ಅನ್ನಿಸುತ್ತದೆ, ಸಿಟ್ಟು ಬರುತ್ತದೆ. ಅಷ್ಟು ಹತ್ತಿರ ಹೋದ ಮೇಲೆ ಬೇರೆ ದಾರಿ ಇಲ್ಲ.

ಕಾನೂನು ಇಲ್ಲದೇ ಇಲ್ಲ. ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟವಾಗಿ ಹೇಳಿದೆ. ಕೊರೆಸುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ಕೊರೆಯುವಾಗ ಸುತ್ತ ಬೇಲಿ, ಫಲಕ ಇರಬೇಕು. ಪೈಪಿನ ಬಾಯಿಗೆ ಕಬ್ಬಿಣದ ಮುಚ್ಚಳ ಬೇಕು. ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ಹಾಕಿ ತುಂಬಬೇಕು. ಲಚ್ಯಾಣದ ಘಟನೆ ನಡೆದ ವರ್ಷದ ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಕರ್ನಾಟಕವೂ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದು, ಬೋರ್ ಮುಚ್ಚದವರಿಗೆ ಜೈಲು, ದಂಡ ಎರಡನ್ನೂ ಸೇರಿಸಿತು. ನನಗಿದು ಒಳ್ಳೆಯದೇ ಅನ್ನಿಸುತ್ತದೆ. ಆದರೆ ನೀರು ಸಿಗದೆ ಸಾಲದಲ್ಲಿ ಮುಳುಗಿದವನಿಗೆ ದಂಡದ ಹೆದರಿಕೆಗಿಂತ ಒಂದು ಮುಚ್ಚಳ, ಒಂದು ಟ್ರ್ಯಾಕ್ಟರ್ ಮಣ್ಣು ಪಂಚಾಯಿತಿಯಿಂದಲೇ ಸಿಕ್ಕರೆ ಕೆಲಸ ಬೇಗ ಆದೀತು. ರಿಗ್ ಲಾರಿಯವರು ಬೋರ್ ಮುಚ್ಚದೆ ಹೊಲ ಬಿಟ್ಟು ಹೋಗಬಾರದು ಅಂತಾದರೆ ಇನ್ನೂ ಬೇಗ.

ಲಚ್ಯಾಣದ ಮಗು ಹೊರಬಂದ ಸಂಜೆ ನಾನು ಊರಿನಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರೂ ದಿನವಿಡೀ ಟಿವಿ ನೋಡಿದ್ದರು, ಗಂಟಲು ಕಟ್ಟಿತ್ತು. "ಚಿಕ್ಕಪ್ಪ, ಆ ಹುಣಸೆಮರದ ಹತ್ತಿರ ಫೇಲ್ ಆಗಿತ್ತಲ್ಲ, ಆ ಬೋರ್ ಏನಾಯ್ತು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಗೋಣಿಚೀಲ ಹಾಕಿ ಮೇಲೊಂದು ಕಲ್ಲು ಇಟ್ಟಿದೀನಿ ಕಣಪ್ಪ. ನಾಳೆ ಬೆಳಿಗ್ಗೆನೇ ಟ್ರ್ಯಾಕ್ಟರ್‌ನವನಿಗೆ ಹೇಳ್ತೀನಿ" ಅಂದರು.

ಮಾರನೇ ದಿನ ಮಧ್ಯಾಹ್ನ ಫೋಟೊ ಬಂತು. ತೂತು ಇದ್ದ ಜಾಗದಲ್ಲಿ ಹಸಿ ಮಣ್ಣಿನ ದಿಬ್ಬ, ಪಕ್ಕದಲ್ಲಿ ಸಲಿಕೆ. ಫೋಟೊದ ಮೂಲೆಯಲ್ಲಿ, ಬೇಲಿಯಾಚೆಗಿನ ಹೊಲದಲ್ಲಿ ಇನ್ನೊಂದು ಗೋಣಿಚೀಲ ಕಾಣುತ್ತಿತ್ತು, ಅದರ ಮೇಲೂ ಒಂದು ಕಲ್ಲು. ಅದು ಯಾರದು ಅಂತ ಕೇಳಲು ಮತ್ತೆ ಫೋನ್ ಮಾಡಿದೆ.