ಭಯಕ್ಕೂ ಒಂದು ಕೆಲಸ ಬೇಕು

ಉಗ್ರರ ದಾಳಿಯ ಸುದ್ದಿ ಬಂದ ಮೂರನೆಯ ದಿನ ಒಬ್ಬರು ನನ್ನ ಮುಂದೆ ಬಂದು ಕೂತರು. ಐವತ್ತು ದಾಟಿದ ಮೇಷ್ಟ್ರು. ದಾಳಿ ನಡೆದ ಊರಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ. ಅಲ್ಲಿ ನೆಂಟರಿಲ್ಲ, ಗೆಳೆಯರಿಲ್ಲ. ಆದರೂ ಮೂರು ರಾತ್ರಿಯಿಂದ ನಿದ್ದೆ ಇಲ್ಲ. ಫೋನನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಅದು ಬೆಳಗಿದಾಗಲೆಲ್ಲ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು, ಕೈ ತಾನಾಗಿ ಅತ್ತ ಹೋಗುತ್ತಿತ್ತು.

"ನೋಡಬಾರದು ಅಂತ ಗೊತ್ತು ಮೇಡಂ. ಆದ್ರೆ ನೋಡೋದು ಬಿಟ್ಟರೆ ಸತ್ತವರನ್ನ ಮರೆತ ಹಾಗೆ ಅನ್ಸುತ್ತೆ" ಅಂದರು.

ಆಪ್ತಸಮಾಲೋಚಕಿಯಾಗಿ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ದೊಡ್ಡ ದಾಳಿ ನಡೆದ ವಾರ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಅದನ್ನು ಟಿವಿಯಲ್ಲಿ, ಫೋನಿನಲ್ಲಿ ಕಂಡವರು. ಅವರು ಪುಕ್ಕಲರಲ್ಲ. ಭಯವಾದಾಗ ಮೈ ಓಡುವುದಕ್ಕೆ, ಇಲ್ಲವೇ ಹೊಡೆದಾಡುವುದಕ್ಕೆ ಸಿದ್ಧವಾಗುತ್ತದೆ. ಎದೆ ಢವಢವ ಅನ್ನುತ್ತದೆ, ಕೈಕಾಲು ಬಿಗಿಯುತ್ತವೆ. ಆದರೆ ನಾವು ಕೂತಿರುವುದು ಮನೆಯೊಳಗೆ. ಓಡಿಹೋಗಬೇಕಾದ ಅಪಾಯ ಅಲ್ಲಿಲ್ಲ, ಎದುರಿಗೆ ಶತ್ರುವೂ ಇಲ್ಲ. ಹಾಗಂತ ಮೈ ಸುಮ್ನೆ ಇರುವುದಿಲ್ಲ, ಏನಾದರೂ ಕೆಲಸ ಕೊಡು ಅನ್ನುತ್ತದೆ. ಕೈಗೆ ಮೊದಲು ಸಿಗುವುದು ಫೋನು. ನೋಡುತ್ತೇವೆ, ಕಳಿಸುತ್ತೇವೆ, ಬೈಯುತ್ತೇವೆ. ಏನೋ ಮಾಡಿದೆವು ಅನ್ನಿಸುತ್ತದೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ತಳಮಳ.

ನೋಡುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ಅಧ್ಯಯನವಿದೆ. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ಅದಾದ ಕೆಲವೇ ವಾರಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನ ಸಂಶೋಧಕಿಯರು 4,600ಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಮೊದಲ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಆ ಸುದ್ದಿಯಲ್ಲೇ ಮುಳುಗಿದ್ದವರಿಗೆ, ಸ್ಥಳದಲ್ಲೇ ಇದ್ದವರಿಗಿಂತಲೂ ಹೆಚ್ಚು ಮಾನಸಿಕ ಒತ್ತಡವಿತ್ತು. ಮೇಷ್ಟ್ರಿಗೆ ಇದನ್ನು ಹೇಳಿದೆ. ತಕ್ಷಣ ನಂಬಲಿಲ್ಲ. ಸ್ಫೋಟ ಆಗಿದ್ದು ಒಂದು ಸಲ, ನೀವು ಎಷ್ಟು ಸಲ ನೋಡಿದಿರಿ ಅಂತ ಕೇಳಿದೆ. ಲೆಕ್ಕ ಹಾಕಲು ಹೊರಟು ಸುಮ್ಮನಾದರು.

ಭಯ ತಪ್ಪು ಕೆಲಸ ಹಿಡಿದರೆ ಜೀವವೂ ಹೋಗುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಎಷ್ಟೋ ಜನ ವಿಮಾನ ಬಿಟ್ಟು ಕಾರು ಹತ್ತಿದರು. ಮುಂದಿನ ಒಂದು ವರ್ಷದಲ್ಲಿ ಇದರಿಂದಲೇ ಸುಮಾರು 1,500 ಜನ ಹೆಚ್ಚಾಗಿ ರಸ್ತೆ ಅಪಘಾತಗಳಲ್ಲಿ ಸತ್ತರು ಎಂದು ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗರೆಂಜರ್ ಅಂದಾಜು ಮಾಡಿದ್ದಾರೆ. ಇವರನ್ನು ದಾಳಿಗೆ ಬಲಿಯಾದವರ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ.

ಆದರೆ ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ಕೆಲಸ. ಮಾಡಿದವರು ಯಾರು ಅಂತ ತಕ್ಷಣ ಹೇಳಿಬಿಡುವುದು.

ಯಾರು ಅಂತ ಗೊತ್ತಿಲ್ಲದ ಭಯವನ್ನು ಹೊತ್ತುಕೊಂಡಿರುವುದು ತುಂಬಾ ಕಷ್ಟ. ಒಂದು ಮುಖ ಸಿಕ್ಕರೆ ಆ ಭಯ ಸಿಟ್ಟಾಗುತ್ತದೆ, ಸಿಟ್ಟು ಹೊರಲು ಸುಲಭ. ಅದಕ್ಕೇ ಮುಖ ಸಿಗುವ ತನಕ ಕಾಯುವ ತಾಳ್ಮೆ ಇರುವುದಿಲ್ಲ. ಬಾಸ್ಟನ್ ಸ್ಫೋಟದ ನಂತರ ಜನ ಇಂಟರ್ನೆಟ್ಟಿನಲ್ಲಿ ತಾವೇ ಪತ್ತೇದಾರಿಕೆಗೆ ಇಳಿದರು. ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯೇ ಬಾಂಬ್ ಇಟ್ಟವನು ಅಂತ ಹಬ್ಬಿಸಿದರು. ಆ ಹುಡುಗ ದಾಳಿಗೂ ಮುಂಚೆಯೇ ತೀರಿಕೊಂಡಿದ್ದ. ಮಗನನ್ನು ಹುಡುಕುತ್ತಿದ್ದ ಮನೆಯವರು ಆ ಬೈಗುಳವನ್ನೆಲ್ಲ ಓದಬೇಕಾಯಿತು. 2011ರ ಜುಲೈ 22ರಂದು ನಾರ್ವೆಯಲ್ಲಿ 77 ಜನರ ಕೊಲೆಯಾದಾಗ, ಮೊದಲ ಕೆಲವು ಗಂಟೆ ಅನುಮಾನವೆಲ್ಲ ಮುಸ್ಲಿಮರ ಮೇಲಿತ್ತು. ಕೊಂದವನು ಅದೇ ದೇಶದ ಬಲಪಂಥೀಯ ಉಗ್ರ. ಸೆಪ್ಟೆಂಬರ್ 11ರ ನಂತರ ಬರೀ ನಾಲ್ಕು ದಿನಕ್ಕೆ ಅರಿಜೋನಾದ ಮೆಸಾದಲ್ಲಿ ಒಬ್ಬ ಸಿಖ್ಖರನ್ನು ಅವರದೇ ಪೆಟ್ರೋಲ್ ಬಂಕಿನ ಹೊರಗೆ ಗುಂಡಿಟ್ಟು ಕೊಂದರು. ಅವರಿಗೆ ಪೇಟ ಇತ್ತು, ಗಡ್ಡ ಇತ್ತು. ಕೊಂದವನಿಗೆ ಅಷ್ಟು ಸಾಕಾಯಿತು.

ಜನ ಮಾತ್ರವಲ್ಲ, ಸರ್ಕಾರಗಳೂ ಹೀಗೆ ಅವಸರ ಮಾಡುತ್ತವೆ. 2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್‌ನ ನಾಲ್ಕು ರೈಲುಗಳಲ್ಲಿ ಬಾಂಬ್‌ಗಳು ಸಿಡಿದವು. ಇದು ಬಾಸ್ಕ್ ಪ್ರದೇಶ ಬೇರೆ ದೇಶವಾಗಬೇಕು ಅಂತ ಹೋರಾಡುತ್ತಿದ್ದ ಇಟಿಎ ಸಂಘಟನೆಯದೇ ಕೆಲಸ ಅಂತ ಅಲ್ಲಿನ ಸರ್ಕಾರ ಪಟ್ಟು ಹಿಡಿಯಿತು. ತನಿಖೆ ಬೇರೆ ಕಡೆ ಬೆರಳು ತೋರಿಸುತ್ತಿತ್ತು. ಮೂರೇ ದಿನಕ್ಕೆ ಚುನಾವಣೆ ಇತ್ತು. ಆಳುವ ಪಕ್ಷ ಸೋತಿತು.

ಹಾಗಾದರೆ ಪ್ರಶ್ನೆಯನ್ನೇ ಕೇಳಬಾರದಾ? ಪ್ರತಿ ದಾಳಿಯ ನಂತರವೂ ಈ ಜಗಳ ಇದ್ದದ್ದೇ. ಇದು ಪ್ರಶ್ನೆ ಕೇಳುವ ಹೊತ್ತಲ್ಲ, ಮೊದಲು ಒಟ್ಟಾಗಿ ಅಂತ ಒಂದು ಕಡೆ. ಇವತ್ತೇ ಉತ್ತರ ಬೇಕು ಅಂತ ಇನ್ನೊಂದು ಕಡೆ. ಭದ್ರತೆ ಎಲ್ಲಿ ತಪ್ಪಿತು ಅಂತ ಕೇಳುವುದು ಸತ್ತವರಿಗೆ ಮಾಡುವ ಅವಮಾನ ಅಂತ ನನಗೆ ಅನ್ನಿಸುವುದಿಲ್ಲ. ನಾನು ಕಂಡ ಹಾಗೆ, ಯಾಕೆ ಹೀಗಾಯಿತು ಅಂತ ಮೊದಲು ಕೇಳುವವರು ಮನೆಯವರನ್ನು ಕಳೆದುಕೊಂಡವರೇ. ಅವರ ಬಾಯಿ ಮುಚ್ಚಿಸಬಾರದು. ಆದರೆ ಕೇಳಿದವರಿಗೆ ಉತ್ತರಕ್ಕಾಗಿ ಕಾಯುವ ಮನಸ್ಸೂ ಬೇಕು. ಸಂಜೆಯ ಟಿವಿ ಚರ್ಚೆಯಲ್ಲಿ ಅದು ಸಿಗುವುದಿಲ್ಲ.

ನಾರ್ವೆಯವರು ಎರಡನ್ನೂ ಮಾಡಿದರು. ಇದಕ್ಕೆ ನಮ್ಮ ಉತ್ತರ ಇನ್ನಷ್ಟು ಪ್ರಜಾಪ್ರಭುತ್ವ, ಇನ್ನಷ್ಟು ಮುಕ್ತತೆ ಎಂದು ಆಗಿನ ಪ್ರಧಾನಿ ಯೆನ್ಸ್ ಸ್ಟೋಲ್ಟೆನ್‌ಬರ್ಗ್ ಹೇಳಿದರು. ಆ ವಾರ ಜನ ಗುಲಾಬಿ ಹಿಡಿದು ಬೀದಿಗೆ ಬಂದರು. ಅಷ್ಟಕ್ಕೇ ಬಿಡಲಿಲ್ಲ, ಒಂದು ಆಯೋಗ ಕೂತು ಒಂದೊಂದೇ ತಪ್ಪನ್ನು ಹುಡುಕಿತು. 2012ರ ಆಗಸ್ಟ್‌ನಲ್ಲಿ ಬಂದ ವರದಿ ಸ್ವಲ್ಪವೂ ಮುಲಾಜು ನೋಡಲಿಲ್ಲ. ಆಗಲೇ ಒಪ್ಪಿದ್ದ ಭದ್ರತಾ ಕ್ರಮಗಳನ್ನು ಸರಿಯಾಗಿ ಜಾರಿ ಮಾಡಿದ್ದರೆ ಸರ್ಕಾರಿ ಕಚೇರಿಗಳ ಮೇಲಿನ ದಾಳಿಯನ್ನು ತಡೆಯಬಹುದಿತ್ತು ಎಂದಿತು. ಅಳುವುದಕ್ಕೂ ಲೆಕ್ಕ ಕೇಳುವುದಕ್ಕೂ ಜಾಗ ಇತ್ತು.

ಮುಂಬೈಯಲ್ಲಿ 2008ರ ನವೆಂಬರ್ 26ರಿಂದ ನಡೆದ ದಾಳಿಯಲ್ಲಿ 166 ಜನ ಸತ್ತರು. ಕಮಾಂಡೊಗಳು ಎಲ್ಲಿ ಇಳಿಯುತ್ತಿದ್ದಾರೆ ಅನ್ನುವುದನ್ನು ಚಾನೆಲ್‌ಗಳು ನೇರಪ್ರಸಾರ ಮಾಡಿದವು. ಅದನ್ನು ನೋಡಿಕೊಂಡೇ ಗಡಿಯಾಚೆ ಕೂತವರು ಉಗ್ರರಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದರು. ಸುಪ್ರೀಂ ಕೋರ್ಟ್ 2012ರ ತೀರ್ಪಿನಲ್ಲಿ ಚಾನೆಲ್‌ಗಳಿಗೆ ಛೀಮಾರಿ ಹಾಕಿತು. ಕಾರ್ಯಾಚರಣೆ ಮುಗಿಯುವ ತನಕ ನೇರಪ್ರಸಾರ ಮಾಡುವಂತಿಲ್ಲ ಎಂದು 2015ರಲ್ಲಿ ನಿಯಮವೇ ಬಂತು. ಈ ನಿಯಮ ಇರುವುದು ಚಾನೆಲ್‌ಗಳಿಗೆ. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಕ್ಯಾಮೆರಾ ಇದೆ, ಅಲ್ವಾ?

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ ಗುಂಡು ಹಾರಿಸಿದವನು ಅದನ್ನು ತಾನೇ ಫೇಸ್‌ಬುಕ್ಕಿನಲ್ಲಿ ನೇರಪ್ರಸಾರ ಮಾಡಿದ. 51 ಜನ ಸತ್ತರು. ಮೊದಲ 24 ಗಂಟೆಯಲ್ಲಿ ಆ ವಿಡಿಯೊದ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದ್ದಾಗಿ ಫೇಸ್‌ಬುಕ್ ಹೇಳಿತು. ಅದನ್ನು ಹಂಚಿದವರೆಲ್ಲ ಕೆಟ್ಟವರಲ್ಲ. ನೋಡಿ, ಎಂಥ ಕ್ರೂರಿ ಅಂತ ಸಂಕಟದಿಂದಲೇ ಹಂಚಿದವರೂ ಇರುತ್ತಾರೆ. ಆದರೆ ಕೊಂದವನಿಗೆ ಬೇಕಿದ್ದದ್ದೂ ಅದೇ. ಅಲ್ಲಿನ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್, ನನ್ನ ಬಾಯಿಂದ ಅವನ ಹೆಸರು ನಿಮಗೆ ಕೇಳಿಸುವುದಿಲ್ಲ ಎಂದರು. ಬಂದೂಕು ಕಾನೂನು ಒಂದು ತಿಂಗಳೊಳಗೆ ಬದಲಾಯಿತು.

ಹಾಗಂತ ಫೋನು ಪೂರ್ತಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೂ ಯಾರಿಂದಲೂ ಆಗುವುದಿಲ್ಲ. ದಿನಕ್ಕೆ ಎರಡು ಹೊತ್ತು ಓದಿ, ವಿಡಿಯೊ ನೋಡಬೇಡಿ ಅನ್ನುತ್ತೇನೆ. ಮಕ್ಕಳು ಕೇಳಿದರೆ ಅವರಿಗೆ ಏನು ಗೊತ್ತಿದೆ ಅಂತ ಮೊದಲು ಕೇಳಿ. ಗೊತ್ತಿಲ್ಲದ್ದನ್ನೂ ಸೇರಿಸಿ ಹೇಳಬೇಡಿ. ಮೈ ಕೆಲಸ ಕೇಳುತ್ತಿದ್ದರೆ ನಿಜವಾದ ಕೆಲಸ ಕೊಡಿ. ನಡೆಯಿರಿ, ರಕ್ತ ಬೇಕು ಅಂತ ಆಸ್ಪತ್ರೆಯವರು ಕೇಳಿದ್ದರೆ ಕೊಡಿ, ಅಕ್ಕಪಕ್ಕದಲ್ಲಿ ಹೆದರಿರುವವರ ಜೊತೆ ಕೂತುಕೊಳ್ಳಿ.

ಮೇಷ್ಟ್ರಿಗೂ ಇದನ್ನೇ ಹೇಳಿದೆ. ಕೊನೆಯದನ್ನು ಕೇಳಿದ ಮೇಲೆ ಅವರು ಫೋನನ್ನು ಬೋರಲು ಹಾಕಿದರು. ಆಮೇಲೆ ನಿಜವಾದ ವಿಷಯ ಬಂತು. ಮೊದಲ ರಾತ್ರಿ ಒಂದು ಫೋಟೊ ಬಂದಿತ್ತು. ಇವನೇ ಉಗ್ರ ಅಂತ ಕೆಳಗೆ ಬರೆದಿತ್ತು. ಅವರು ಅದನ್ನು ಶಾಲೆಯ ಗ್ರೂಪಿಗೆ ಹಾಕಿದ್ದರು. ಬೆಳಗಾಗುವುದರೊಳಗೆ ಅದು ಸುಳ್ಳು ಅಂತ ಗೊತ್ತಾಯಿತು. ಫೋಟೊದಲ್ಲಿದ್ದವನ ಧರ್ಮದವರೇ ಆದ ಒಬ್ಬ ಸಹೋದ್ಯೋಗಿ ಯಾರಿಗೂ ಏನೂ ಹೇಳದೆ ಗ್ರೂಪ್ ಬಿಟ್ಟಿದ್ದರು. ಹನ್ನೆರಡು ವರ್ಷದಿಂದ ಇಬ್ಬರೂ ಪಕ್ಕಪಕ್ಕದ ಕುರ್ಚಿಯಲ್ಲಿ ಕೂರುವವರು.

ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಇದನ್ನು ಬರೆಯುತ್ತಿದ್ದೇನೆ. ಅವತ್ತು ಉಳಿದ ಅರ್ಧ ಗಂಟೆ ನಾವು ದಾಳಿಯ ಬಗ್ಗೆ ಮಾತಾಡಲಿಲ್ಲ. ಸಹೋದ್ಯೋಗಿಯ ಹತ್ತಿರ ಮೊದಲ ಮಾತು ಏನು ಆಡುವುದು ಅಂತ ಯೋಚಿಸಿದೆವು.

ಮುಂದಿನ ವಾರ ಬಂದಾಗ ನಾನೇ ಕೇಳಿದೆ. "ನಾನು ತಪ್ಪು ಮಾಡಿದೆ ಅಂದೆ ಮೇಡಂ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ನನಗೂ ಅವತ್ತಿಂದ ನಿದ್ದೆ ಇಲ್ಲ ಸರ್ ಅಂದ್ರು."

ಆ ಫೋಟೊ ಇನ್ನೂ ನಾಲ್ಕು ಗ್ರೂಪುಗಳಿಗೆ ಹೋಗಿತ್ತು. ಎಲ್ಲದಕ್ಕೂ ತಪ್ಪೊಪ್ಪಿಗೆ ಕಳಿಸಿದ್ದರು. ಒಂದೇ ಒಂದು ಗ್ರೂಪಿನಿಂದ ಉತ್ತರ ಬಂದಿತ್ತು. ಅದನ್ನು ನನಗೆ ತೋರಿಸಿದರು. "ಈಗ ಯಾಕೆ ಸರ್ ಇದು, ಆಗಿದ್ದು ಆಗಿಹೋಯ್ತಲ್ಲ?"